ಅಪ್ಪನೂ ಎತ್ತುಗಳೂ

ಈಚೆಗೆ ನಮ್ಮ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ‘ನಮ್ಮೂರ ಹಬ್ಬ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಲು ಹೇಳಿದ್ದೆ. ಹಾನಗಲ್ಲ ತಾಲೂಕಿನ ಹಳ್ಳಿಯೊಂದರಿಂದ ಬರುವ ಹುಡುಗನು ಕಾರಹುಣ್ಣಿಮೆಯನ್ನು ಕುರಿತು ಬರೆದಿದ್ದನು. ಬರವಣಿಗೆ ಅಚ್ಚುಕಟ್ಟಾಗಿತ್ತು. ಅದರಲ್ಲಿ ಒಂದು ವಾಕ್ಯ: “ಬೆಳಕು ಹರಿಯುವುದರೊಳಗೆ ಅಪ್ಪನೂ ಎತ್ತುಗಳೂ ಕೆರೆಗೆ ಹೋದರು.” ನಾನು ‘ಹೋದರು’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದು, ಬದಿಯಲ್ಲಿ ‘ಹೋದವು’ ಎಂದು ತಿದ್ದಿ, ಅರ್ಧ ಅಂಕ ಕಳೆದೆನು. ಮರುದಿನ ಹುಡುಗನು ಹಾಳೆಯನ್ನು ಹಿಡಿದುಕೊಂಡು ಬಂದನು. ವಾದಕ್ಕೆ ಬಂದವನಲ್ಲ, ಮೆಲ್ಲಗೆ ಕೇಳಿದನು: “ಸರ, ಎತ್ತಿಗೆ ‘ಹೋದ್ವು’ ಅನ್ನೂದು ಖರೇ. ಆದ್ರ ಅಪ್ಪಗ ‘ಹೋದ್ವು’ ಅಂತ ಹೆಂಗ ಬರೀಲ್ರೀ?”

ಹದಿನೆಂಟು ವರ್ಷಗಳಿಂದ ವ್ಯಾಕರಣವನ್ನು ಪಾಠ ಹೇಳುತ್ತಿರುವ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ‘ನೋಡಿ ಹೇಳುತ್ತೇನೆ’ ಎಂದು ಅವನನ್ನು ಕಳುಹಿದೆನು. ಹಾಗೆ ನೋಡಿದುದರ ಫಲವೇ ಈ ಲೇಖನ.

ಇದೇ ಹುಡುಗನನ್ನು ಇಂಗ್ಲಿಷಿನ ವಿಷಯವಾಗಿ ಕೇಳಿದರೆ ತಡವರಿಸದೆ ಉತ್ತರ ಹೇಳಿಯಾನು. ಎರಡು ಕರ್ತೃಗಳು ‘ಅಂಡ್’ ಎಂಬುದರಿಂದ ಕೂಡಿದರೆ ಕ್ರಿಯಾಪದ ಬಹುವಚನ. ‘ಆರ್’ ಎಂಬುದರಿಂದ ಕೂಡಿದರೆ ಹತ್ತಿರದ ಕರ್ತೃವಿಗೆ ಹೊಂದಬೇಕು. ‘ಅಲಾಂಗ್ ವಿತ್’ ಬಂದರೆ ಮೊದಲನೆಯ ಕರ್ತೃವೇ ಪ್ರಮಾಣ. ಈ ಸೂತ್ರಗಳನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಕನ್ನಡದಲ್ಲಿ ಕರ್ತೃಗಳು ಕೂಡಿ ಬಂದಾಗ ಏನು ಮಾಡಬೇಕೆಂಬುದಕ್ಕೆ ನಾವು ತರಗತಿಯಲ್ಲಿ ಒಂದು ಗಂಟೆಯನ್ನೂ ಕೊಡುವುದಿಲ್ಲ. ತಾಯಿಯ ಭಾಷೆಯಲ್ಲವೆ, ತಾನಾಗಿ ಬಂದೀತು ಎಂಬ ಭರವಸೆ ನಮ್ಮದು. ಆದರೆ ಕನ್ನಡದ ತೊಡಕು ಇಂಗ್ಲಿಷಿಗಿಂತ ದೊಡ್ಡದು. ಇಂಗ್ಲಿಷಿನ ಕ್ರಿಯಾಪದವು ಲಿಂಗವನ್ನು ಕೇಳುವುದೇ ಇಲ್ಲ. ರೈತನೂ ಎತ್ತೂ ಅಲ್ಲಿ ಒಂದೇ ಪದದಡಿಯಲ್ಲಿ ನಿಶ್ಚಿಂತೆಯಿಂದ ನಡೆಯುತ್ತಾರೆ. ನಮ್ಮ ಕ್ರಿಯಾಪದವಾದರೋ ಪುರುಷ, ವಚನ, ಲಿಂಗ ಮೂರನ್ನೂ ಹೊರಬೇಕು.

ಪುರುಷದಲ್ಲಿ ಕಷ್ಟವಿಲ್ಲ. ‘ನಾನೂ ಅವನೂ ಹೋದೆವು’, ‘ನೀನೂ ಅವಳೂ ಹೋದಿರಿ’ ಎಂಬಲ್ಲಿ ಯಾರೂ ಎಡವುವುದಿಲ್ಲ. ಗಂಡು ಹೆಣ್ಣು ಕೂಡಿದಾಗಲಂತೂ ಕನ್ನಡದ ನಡೆ ಬಲು ಸುಂದರವಾದುದು. ಸಂಸ್ಕೃತದಲ್ಲಿ ‘ಪಿತರೌ’ ಎಂದರೆ ತಾಯಿತಂದೆ. ಅಲ್ಲಿ ತಂದೆಯ ಶಬ್ದ ಉಳಿದು ತಾಯಿಯ ಶಬ್ದ ಅಡಗುತ್ತದೆ. ಹಿಂದಿಯಲ್ಲಿ ‘ರಾಮ್ ಔರ್ ಸೀತಾ ಆಯೇ’ ಎಂದಾಗ ಕ್ರಿಯಾಪದವು ಪುಲ್ಲಿಂಗಕ್ಕೆ ಸೇರಿದುದು. ಕನ್ನಡದ ‘ರಾಮನೂ ಸೀತೆಯೂ ಬಂದರು’ ಎಂಬಲ್ಲಿ ‘ಅರು’ ಪ್ರತ್ಯಯವು ಗಂಡಿಗೂ ಸಮ, ಹೆಣ್ಣಿಗೂ ಸಮ. ಗೋವಿಂದಭಟ್ಟರೂ ಶಿಶುನಾಳ ಶರೀಫರೂ ಜೊತೆಯಾಗಿ ನಡೆದ ಶಿಗ್ಗಾವಿಯ ಸೀಮೆಯವರಾದ ನಮಗೆ ಈ ಪ್ರತ್ಯಯದ ಔದಾರ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಔದಾರ್ಯ ನಿಲ್ಲುವುದು ಮನುಷ್ಯನ ಗಡಿಯಲ್ಲಿ. ‘ಹಸುವೂ ಕರುವೂ ಬಂದವು’ ಸರಿ. ‘ಅಪ್ಪನೂ ಅವ್ವನೂ ಬಂದರು’ ಸರಿ. ಅಪ್ಪನನ್ನೂ ಎತ್ತನ್ನೂ ಒಂದೇ ಕ್ರಿಯಾಪದಕ್ಕೆ ಹೂಡಿದೊಡನೆ ನೊಗ ವಾಲುತ್ತದೆ. ನಾನು ‘ಹೋದವು’ ಎಂದು ತಿದ್ದಿದ್ದೇಕೆ? ಯೋಚಿಸಿದಾಗ ತಿಳಿಯಿತು: ನನ್ನ ಕೈಯನ್ನು ನಡೆಸಿದ್ದು ಕನ್ನಡವಲ್ಲ, ಎಂದೋ ಓದಿದ ಸಂಸ್ಕೃತ. ನಪುಂಸಕವು ಬೇರೆ ಲಿಂಗದೊಡನೆ ಸೇರಿದರೆ ನಪುಂಸಕವೇ ಉಳಿಯುತ್ತದೆ ಎಂಬುದು ಪಾಣಿನಿಯಲ್ಲಿ ಬರುವ ವಿಧಿ. ಆದರೆ ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದುದು. ಹೆಂಡತಿ ಎಂಬ ಅರ್ಥದ ‘ದಾರಾ’ ಪುಲ್ಲಿಂಗ, ‘ಕಲತ್ರ’ ನಪುಂಸಕ. ಅದರಿಂದ ಯಾವ ಹೆಂಡತಿಗೂ ಕುಂದಿಲ್ಲ. ಕನ್ನಡದಲ್ಲಿ ಲಿಂಗವು ಬಹುಮಟ್ಟಿಗೆ ಅರ್ಥಕ್ಕೆ ಸೇರಿದುದು. ಇಲ್ಲಿ ತಂದೆಯನ್ನು ನಪುಂಸಕಕ್ಕೆ ತಳ್ಳಿದರೆ ಅದು ವ್ಯಾಕರಣದ ಮಾತಾಗಿ ಉಳಿಯದೆ ಮರ್ಯಾದೆಯ ಮಾತಾಗುತ್ತದೆ. ಹುಡುಗನ ಕಿವಿ ಇದನ್ನು ಅರಿತಿತ್ತು. ನನ್ನ ಕೆಂಪು ಶಾಯಿ ಅರಿತಿರಲಿಲ್ಲ.

ಹಾಗಾದರೆ ನಮ್ಮ ಜನ ಏನು ಮಾಡುತ್ತಾರೆ? ಹಾನಗಲ್ಲ, ಹಿರೇಕೆರೂರು, ಸವಣೂರುಗಳ ಸಂತೆಯಲ್ಲಿ ಕಿವಿಗೊಟ್ಟು ನಿಂತರೆ ಉತ್ತರ ಸಿಗುತ್ತದೆ. ಅವರು ಹೆಚ್ಚಾಗಿ ತೊಡಕಿನ ವಾಕ್ಯವನ್ನೇ ಕಟ್ಟುವುದಿಲ್ಲ. “ಅಪ್ಪ ಎತ್ತು ಹೊಡಕೊಂಡು ಹ್ವಾದ” ಎನ್ನುತ್ತಾರೆ. ಕರ್ತೃ ಒಬ್ಬನೇ ಆಗಿ ಜಗಳ ತೀರಿತು. ಇಲ್ಲವೆ “ಎತ್ತಿನ ಜೋಡಿ ಅಪ್ಪ ಬಂದ” ಎನ್ನುತ್ತಾರೆ. ಇದು ಇಂಗ್ಲಿಷಿನ ‘ಅಲಾಂಗ್ ವಿತ್’ ಇದ್ದ ಹಾಗೆಯೇ. ‘ಅಪ್ಪನೂ ಎತ್ತುಗಳೂ ಬರಲಿಲ್ಲ’ ಎಂಬಲ್ಲಿ ಪ್ರಶ್ನೆಯೇ ಏಳದು. ಹಳೆಯ ಕನ್ನಡವು ‘ಬಾರನು, ಬಾರಳು, ಬಾರದು’ ಎಂದು ನಿಷೇಧದಲ್ಲಿಯೂ ಲಿಂಗಭೇದವನ್ನು ಕಾಯುತ್ತಿತ್ತು. ಇಂದಿನ ‘ಇಲ್ಲ’ ಅದನ್ನು ಕೈಬಿಟ್ಟಿದೆ.

ಇನ್ನೊಂದು ದಾರಿಯು ನನಗೆ ಎಲ್ಲಕ್ಕಿಂತ ಹಿರಿದೆಂದು ತೋರುತ್ತದೆ. ಎತ್ತಿನವನನ್ನೇ ಕೇಳಿ ನೋಡಿರಿ: “ನಾನೂ ನಮ್ಮ ಎತ್ತೂ ಈಗ ಹೊಲದಿಂದ ಬಂದ್ವಿ” ಎನ್ನುತ್ತಾನೆ. ಯಾರ ಕಿವಿಗೂ ಇದು ತಪ್ಪೆನಿಸದು. ‘ನಾವು’ ಎಂಬುದರೊಳಗೆ ಎತ್ತು ಯಾವ ಅಡ್ಡಿಯೂ ಇಲ್ಲದೆ ಸೇರಿಕೊಂಡಿದೆ. ತನ್ನನ್ನು ಕುರಿತು ಹೇಳುವಾಗ ಎತ್ತನ್ನು ಒಳಗೆ ಬಿಟ್ಟುಕೊಳ್ಳುವ ಭಾಷೆಯು ಮತ್ತೊಬ್ಬನನ್ನು ಕುರಿತು ಹೇಳುವಾಗ ಅದನ್ನು ಹೊರಗೆ ನಿಲ್ಲಿಸಲೇಬೇಕೆ? ‘ಅಪ್ಪನೂ ಎತ್ತುಗಳೂ ಹೋದರು’ ಎಂದು ಬರೆದ ಹುಡುಗನು ತಂದೆಯ ಬಾಯಿಯ ‘ನಾವು’ ಎಂಬುದನ್ನು ‘ಅವರು’ ಎಂದು ಬದಲಿಸಿದನು, ಅಷ್ಟೆ.

ಇದರಿಂದ ಎಲ್ಲವೂ ಕಲಸಿಹೋದೀತೆಂದು ಪಂಡಿತರು ಆಕ್ಷೇಪಿಸಬಹುದು. ಕತೆಯ ನರಿಯು ಮನುಷ್ಯರಂತೆ ಮಾತನಾಡಿದರೂ ನಾವು ‘ನರಿ ಹೇಳಿತು’ ಎನ್ನುವುದಿಲ್ಲವೆ? ನಿಜ. ಎತ್ತು ಒಂದೇ ಇರುವಲ್ಲಿ ‘ಹೋಯಿತು’ ಎಂಬುದರಲ್ಲಿ ನನಗೂ ಸಂದೇಹವಿಲ್ಲ. ‘ಅಪ್ಪನೂ ಚಕ್ಕಡಿಯೂ ಹೋದರು’ ಎಂದು ಯಾರೂ ಬರೆಯರು. ಬರೆದರೆ ನಾನೂ ತಿದ್ದುವೆನು. ನನ್ನ ಮಾತು ಇಷ್ಟೇ: ಜೀವವುಳ್ಳ ಪ್ರಾಣಿಯು ಮನುಷ್ಯನ ಜೊತೆಗಾರನಾಗಿ ಒಂದೇ ಕೆಲಸದಲ್ಲಿ ತೊಡಗಿದಾಗ, ಮನುಷ್ಯನನ್ನು ಕೆಳಗಿಳಿಸುವುದಕ್ಕಿಂತ ಪ್ರಾಣಿಯನ್ನು ಮೇಲೇರಿಸುವುದು ಕನ್ನಡದ ಜಾಯಮಾನಕ್ಕೆ ಹತ್ತಿರ. ಪಾಂಡವರ ಅಜ್ಞಾತವಾಸದ ವಿರಾಟನಗರವೆಂದು, ಗೋಗ್ರಹಣದ ನೆಲವೆಂದು ಹೆಸರಾದ ಊರು ಹಾನಗಲ್ಲು. ತುರುಗಳನ್ನು ಬಿಡಿಸಲು ಹೋಗಿ ಮಡಿದವರ ವೀರಗಲ್ಲುಗಳು ಈ ನಾಡಿನಲ್ಲಿ ಹೇರಳವಾಗಿವೆ. ಆ ಕಲ್ಲುಗಳಲ್ಲಿ ವೀರನೂ ಹಸುಗಳೂ ಒಂದೇ ಹಲಗೆಯ ಮೇಲೆ ನಿಂತಿದ್ದಾರೆ. ‘ನಿಂತಿವೆ’ ಎಂದು ಬರೆಯಲು ನನ್ನ ಕೈ ಈಗ ಏಳುವುದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಎರಡು. ಸಂದೇಹಕ್ಕೆ ಎಡೆಯಿರುವಲ್ಲಿ ವಿದ್ಯಾರ್ಥಿಯ ಅಂಕ ಕಳೆಯಬೇಡಿರಿ. ಮತ್ತು ಇಂತಹ ವಾಕ್ಯಗಳನ್ನು ತರಗತಿಯಲ್ಲಿ ಪ್ರಶ್ನೆಯಾಗಿ ಇಟ್ಟು, ‘ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ?’ ಎಂದು ಕೇಳಿರಿ. ಹಾಗೆ ಕೇಳಿದಾಗ ಸಿಗುವ ಉತ್ತರಗಳಿಂದಲೇ ಮುಂದಿನ ವ್ಯಾಕರಣ ಹುಟ್ಟಬೇಕು.

ಈ ಕೆಲಸ ಬೇಗನೆ ಆಗಬೇಕು. ಅರ್ಧ ಅಂಕವನ್ನು ಮರಳಿ ಕೊಟ್ಟ ದಿನ ನಾನು ಆ ಹುಡುಗನನ್ನು ಎತ್ತುಗಳ ಹೆಸರೇನೆಂದು ಕೇಳಿದೆನು. ಹೆಸರು ಹೇಳಿ, ತುಸು ತಡೆದು ಅವನೆಂದನು: “ಈಗ ಅವು ಇಲ್ರೀ ಸರ. ಹ್ವಾದ ವರ್ಷ ಮಾರಿದ್ವಿ. ಬಾಡಿಗಿ ಟ್ರ್ಯಾಕ್ಟರ್ ಬರ್ತೈತಿ.” ಎತ್ತುಗಳು ಮನೆಬಿಟ್ಟ ಮೇಲೆ ಅವುಗಳನ್ನು ‘ನಾವು’ ಎಂದು ಕರೆಯುವ ಬಾಯಿ ಎಷ್ಟು ಕಾಲ ಉಳಿದೀತು? ಅದು ಉಳಿದಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಕನ್ನಡ ಕಲಿಸುವವರ ಹೊಣೆ.