ಬನ್ನಿಮಂಟಪದಲ್ಲಿ ಲೆಕ್ಕಕ್ಕೊಂದು ಚಪ್ಪರ

ಶ್ರೀರಂಗಪಟ್ಟಣಕ್ಕೆ ಅನತಿದೂರದಲ್ಲಿರುವ ಕಿರಂಗೂರಿನ ಬನ್ನಿಮಂಟಪವು ದಸರೆಯ ದಿನಗಳಲ್ಲಿ ಎಷ್ಟು ಕಳೆಯೇರುವುದೆಂಬುದನ್ನು ಈ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾದುದಿಲ್ಲ. 1610ರಲ್ಲಿ ರಾಜ ಒಡೆಯರವರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. 1799ರ ತರುವಾಯ ರಾಜಧಾನಿಯೊಡನೆ ಆ ವೈಭವವೂ ಮೈಸೂರಿಗೆ ಹೊರಟುಹೋಯಿತು. ಈಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ದಸರೆಯು ಮತ್ತೆ ನಡೆಯುತ್ತಲಿದ್ದು, ಅದರ ಜಂಬೂಸವಾರಿಯು ಈ ಮಂಟಪದಿಂದಲೇ ಹೊರಡುತ್ತದೆ. ದಸರೆಯೆಂದರೆ ಜಟ್ಟಿಗಳಿಗೆ ಅಖಾಡ, ಗಾಯಕರಿಗೆ ವೇದಿಕೆ, ಮಕ್ಕಳಿಗೆ ಬತ್ತಾಸು, ಹಿರಿಯರಿಗೆ ದೇವಿಯ ದರ್ಶನ. ಮೈಗೂ ಕಿವಿಗೂ ನಾಲಗೆಗೂ ಹಬ್ಬವುಂಟು. ಬುದ್ಧಿಗೆ ಮಾತ್ರ ಹಬ್ಬ ಬೇಡವೆ?

ಈ ಪ್ರಶ್ನೆಯನ್ನು ಕೇಳಿ ನಗತಕ್ಕವರು ಬಹಳ ಮಂದಿ. ಲೆಕ್ಕವೆಂದರೆ ಪರೀಕ್ಷೆ, ಪರೀಕ್ಷೆಯೆಂದರೆ ಭಯ, ಭಯಕ್ಕೆ ಹಬ್ಬವೆಲ್ಲಿಯದು ಎಂಬುದು ಅವರ ವಾದ. ಆದರೆ ಅಮೆರಿಕದ ಅಟ್ಲಾಂಟಾ ನಗರದಲ್ಲಿ 1993ರಿಂದ ಇಂತಹದೇ ಒಂದು ಹಬ್ಬವು ನಡೆದುಬಂದಿರುತ್ತದೆ. ಅದರ ಹೆಸರು ‘ಗ್ಯಾದರಿಂಗ್ ಫಾರ್ ಗಾರ್ಡ್ನರ್’. ಗಾರ್ಡ್ನರನ ನೆಪದಲ್ಲಿ ಸೇರುವ ಕೂಟ ಎಂದು ಅರ್ಥ. ಮಾರ್ಟಿನ್ ಗಾರ್ಡ್ನರ್ (1914–2010) ಎಂಬಾತನು ಗಣಿತದ ಪಂಡಿತನಲ್ಲ. ಕಾಲೇಜಿನಲ್ಲಿ ಅವನು ಓದಿದ್ದು ತತ್ತ್ವಶಾಸ್ತ್ರ. ಆದರೂ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ 1956ರಿಂದ ಸುಮಾರು ಕಾಲು ಶತಮಾನ ‘ಗಣಿತದ ಆಟಗಳು’ ಎಂಬ ಅಂಕಣವನ್ನು ಬರೆದು, ಸಾವಿರಾರು ಮಂದಿ ತರುಣರನ್ನು ಗಣಿತದ ಕಡೆಗೆ ತಿರುಗಿಸಿದನು. ಅವನ ಅಭಿಮಾನಿಗಳು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಕೂಡುತ್ತಾರೆ. ವಿಶ್ವವಿದ್ಯಾನಿಲಯದ ಆಚಾರ್ಯರು, ಇಂದ್ರಜಾಲಿಗರು, ಒಗಟು ಕಟ್ಟುವವರು, ಮರದ ಬೀಗಗಳನ್ನು ಕೆತ್ತುವ ಬಡಗಿಗಳು ಎಲ್ಲರೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವರು.

ಆ ಕೂಟದ ಒಂದು ವಾಡಿಕೆಯು ವಿಶೇಷವಾಗಿ ಗಮನಿಸತಕ್ಕದ್ದು. ಬರುವವರು ಉಳಿದವರಿಗೆಂದು ಕಾಣಿಕೆ ತರುತ್ತಾರೆ. ಆ ಕಾಣಿಕೆಯು ಒಂದು ಸಮಸ್ಯೆಯಾಗಿರಬಹುದು, ಒಂದು ಆಟಿಕೆಯಾಗಿರಬಹುದು, ಒಂದು ಹಾಳೆಯ ಬರವಣಿಗೆಯಾಗಿರಬಹುದು. ಕೊಟ್ಟವನು ಬರಿಗೈಯಲ್ಲಿ ಹೋಗುವುದಿಲ್ಲ. ಚೀಲದ ತುಂಬ ಇತರರ ಕಾಣಿಕೆಗಳನ್ನು ಹೊತ್ತುಕೊಂಡು ಹೋಗುತ್ತಾನೆ. ಹಾರ ತುರಾಯಿಗಳಿಗೂ ಸ್ವಾಗತ ಭಾಷಣಕ್ಕೂ ಅರ್ಧ ದಿನವನ್ನು ಸವೆಯಿಸುವ ಸಮ್ಮೇಳನಗಳನ್ನು ಕಂಡವರು ಈ ವಾಡಿಕೆಯ ಬೆಲೆಯನ್ನು ಅರಿಯಬಲ್ಲರು.

ಇದು ಉಂಡು ಮಿಕ್ಕವರ ವಿಲಾಸ, ಪರದೇಶದವರ ಹುಚ್ಚು ಎಂಬುದು ಮೊದಲನೆಯ ಆಕ್ಷೇಪ. ಹೀಗೆ ಆಕ್ಷೇಪಿಸುವವರು ತಮ್ಮ ಮನೆಯ ಗಂಟನ್ನೇ ಬಿಚ್ಚಿ ನೋಡದವರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರಲ್ಲಿ ಗುಣಾಕಾರವನ್ನು ಕಲಿಸುವಾಗ ಆಚಾರ್ಯನು ಒಣ ಲೆಕ್ಕಗಳನ್ನಷ್ಟೆ ಕೊಡುವುದಿಲ್ಲ. ಫಲವು ಕೊರಳ ಹಾರದಂತೆ ಕಾಣುವ ಲೆಕ್ಕಗಳನ್ನೂ ಆರಿಸಿ ಕೊಡುತ್ತಾನೆ. 152207ನ್ನು 73ರಿಂದ ಗುಣಿಸಿದರೆ 11111111 ಬರುವುದು. 27994681ನ್ನು 441ರಿಂದ ಗುಣಿಸಿದರೆ 12345654321 ಬರುವುದು. ಅದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ವಾಚಕರು ಹಲಗೆ ಬಳಪಗಳನ್ನು ತೆಗೆದುಕೊಂಡು ಗುಣಿಸಿ ನೋಡಬಹುದು. ಸಾವಿರ ವರ್ಷಗಳಿಗೂ ಹಿಂದಿನ ಗುರುವೊಬ್ಬನು ಶಿಷ್ಯನ ಮುಖದಲ್ಲಿ ನಗುವನ್ನು ಕಾಣಬಯಸಿದನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಬರೆದು ಲೆಕ್ಕವನ್ನು ಕನ್ನಡಕ್ಕೇ ತಂದನು.

ಇನ್ನು ಈ ಸೀಮೆಯ ಮಾತು. ‘ಪಾದುಕಾಸಹಸ್ರ’ದ ಕವಿಯಾದ ವೇದಾಂತದೇಶಿಕರು ಮೇಲುಕೋಟೆಯಲ್ಲಿ ಕೆಲವು ಕಾಲ ನೆಲಸಿದ್ದರೆಂದು ಶ್ರೀವೈಷ್ಣವ ಪರಂಪರೆಯು ಹೇಳುತ್ತದೆ. ಆ ಕಾವ್ಯದಲ್ಲಿ ತುರಗಪದಬಂಧವೆಂಬ ಶ್ಲೋಕದ ಜೋಡಿಯುಂಟು. ಮೊದಲನೆಯ ಶ್ಲೋಕದ 32 ಅಕ್ಷರಗಳನ್ನು ಎಂಟೆಂಟು ಮನೆಗಳ ನಾಲ್ಕು ಸಾಲುಗಳಲ್ಲಿ ಬರೆದು, ಚದುರಂಗದ ಕುದುರೆಯು ಹಾರುವ ಕ್ರಮದಲ್ಲಿ ಓದುತ್ತ ಹೋದರೆ ಎರಡನೆಯ ಶ್ಲೋಕವು ದೊರೆಯುತ್ತದೆ. ಭಕ್ತಿಗೂ ಚಮತ್ಕಾರಕ್ಕೂ ವೈರವಿದೆಯೆಂದು ಆ ಮಹನೀಯರಿಗೆ ತೋರಲಿಲ್ಲ.

ಅದೇ ಕುದುರೆಯನ್ನು ಮತ್ತೆ ಓಡಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರವರು. ಅವರು 1794ರಲ್ಲಿ ಹುಟ್ಟಿದುದು ಶ್ರೀರಂಗಪಟ್ಟಣದಲ್ಲಿಯೇ. ಕುದುರೆಯ ನಡೆಗಳ ಅನೇಕ ಬಂಧಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದನ್ನು ‘ಕೌತುಕನಿಧಿ’ ಎಂದು ಕರೆದು ಆಟಗಳಿಗೆ ಮೀಸಲಿಟ್ಟರು. 1831ರಲ್ಲಿ ಆಡಳಿತವು ಕೈತಪ್ಪಿದ ದೊರೆಗೆ ಕಾಲ ಕಳೆಯಲು ಆಟವಲ್ಲದೆ ಇನ್ನೇನಿತ್ತು ಎಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ಯೋಚಿಸಬೇಕು. ಇಂಗ್ಲಿಷರು ಖಜಾನೆಯ ಬೀಗದ ಕೈಯನ್ನು ಕಿತ್ತುಕೊಳ್ಳಬಲ್ಲವರಾಗಿದ್ದರು. 64 ಮನೆಗಳ ಆ ಸಣ್ಣ ರಾಜ್ಯವನ್ನು ಕಿತ್ತುಕೊಳ್ಳುವ ಬಗೆಯು ಅವರಿಗೂ ತಿಳಿದಿರಲಿಲ್ಲ.

ಆ ಆಟವು ಬಾಲಿಶವಾದುದೆಂದೂ ಹೇಳಲಾಗದು. ಕುದುರೆಯು ಹಾರಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕೆ ಹಾಕುವುದು. ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಉದ್ದಸಾಲಿನ ಮೊತ್ತವೂ 260 ಆಗಬೇಕು. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳೂ 260 ಆಗಬೇಕು. ಇಂತಹ ನಡೆಯು ಇದೆಯೆ ಇಲ್ಲವೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 2003ರಲ್ಲಿ. ಗಣಕಯಂತ್ರಗಳು ಎರಡು ತಿಂಗಳು ದುಡಿದ ಮೇಲೆ, ಸಾಲುಗಳು ಸರಿಹೊಂದುವ ನಡೆಗಳು 140 ಮಾತ್ರ ಇವೆಯೆಂದೂ ಕರ್ಣಗಳೂ ಸರಿಹೊಂದುವುದು ಒಂದೂ ಇಲ್ಲವೆಂದೂ ತಿಳಿದುಬಂದಿತು. ಯಂತ್ರಗಳನ್ನು ಎರಡು ತಿಂಗಳು ದುಡಿಸಿದ ಪ್ರಶ್ನೆಯನ್ನು ಹುಡುಗಾಟವೆನ್ನುವ ಧೈರ್ಯ ಯಾರಿಗಿದೆ?

ಇಷ್ಟನ್ನು ಓದಿ ಎದೆಯುಬ್ಬಿಸುವ ಇನ್ನೊಂದು ವರ್ಗದವರಿದ್ದಾರೆ. ನಗುವವರಿಗಿಂತಲೂ ಇವರಿಂದಲೇ ಹಾನಿ ಹೆಚ್ಚು. ಎಲ್ಲವೂ ಪೂರ್ವಿಕರಿಗೆ ತಿಳಿದಿತ್ತು ಎಂದು ಘೋಷಿಸುವುದು, ಒಂದು ಲೆಕ್ಕವನ್ನೂ ಮಾಡದೆ ಮನೆಗೆ ಹೋಗುವುದು, ಇದು ಇವರ ಪದ್ಧತಿ. ‘ಸಿರಿಭೂವಲಯ’ದ ಗತಿಯನ್ನು ನೋಡಬಹುದು. ಉದ್ದ ಅಗಲಗಳೆರಡರಲ್ಲಿಯೂ 27 ಮನೆಗಳುಳ್ಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕೆಗಳನ್ನು ತುಂಬಿದ ಈ ಗ್ರಂಥವು 1953ರಲ್ಲಿ ಅಚ್ಚಾಗಿ ಬೆಳಕು ಕಂಡಿತು. ಒಂದೊಂದು ಅಂಕೆಯೂ ಒಂದೊಂದು ಅಕ್ಷರ. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದರಲ್ಲಿ 718 ಭಾಷೆಗಳು ಅಡಗಿವೆಯೆಂಬ ಮಾತನ್ನು ಕೊಂಡಾಡುವವರು ಊರೂರಿಗೂ ಉಂಟು. ಒಂದು ಚೌಕವನ್ನು ಎದುರಿಗಿಟ್ಟುಕೊಂಡು ಸೀಸದಕಡ್ಡಿಯಿಂದ ಬಿಡಿಸಿ ನೋಡಿದವರು ಬೆರಳೆಣಿಕೆಯಷ್ಟು. ಒಗಟನ್ನು ಪೀಠದ ಮೇಲಿಟ್ಟು ಪೂಜಿಸಿದರೆ ಅದು ಒಡೆಯುವುದಿಲ್ಲ. ಮೇಜಿನ ಮೇಲೆ ಹರಡಿದರೆ ಅದರ ನಿಜವೂ ತಿಳಿಯುವುದು, ಅದರ ಸುಳ್ಳೂ ತಿಳಿಯುವುದು. ಅಭಿಮಾನಿಗಳಿಗೆ ಬೇಡವಾದುದು ಈ ಎರಡನೆಯದೇ.

ಮೂರನೆಯ ಆಕ್ಷೇಪವು ತಂದೆತಾಯಿಗಳದು. ಅದು ಗೌರವಕ್ಕೆ ಅರ್ಹವಾದುದು. ಮಕ್ಕಳಿಗೆ ಅಂಕಗಳು ಬೇಕು, ಕಾಲೇಜಿನಲ್ಲಿ ಸ್ಥಳ ಬೇಕು. ಇದರ ನಡುವೆ ಒಗಟಿಗೆ ವೇಳೆಯೆಲ್ಲಿದೆ ಎಂದು ಅವರು ಕೇಳುತ್ತಾರೆ. ಇದಕ್ಕೆ ಒಂದು ಉದಾಹರಣೆಯೇ ಉತ್ತರ. ದಸರೆಯು ಆರಂಭವಾದ 1610ನ್ನೇ ತೆಗೆದುಕೊಳ್ಳಬಹುದು. ಅದರ ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 6110, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 0116, ಕಳೆದರೆ 5994. ಇದನ್ನೂ ಹಾಗೆಯೇ ಮಾಡಿದರೆ 5355, ಮುಂದೆ 1998, 8082, 8532, ಕಡೆಗೆ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174ನ್ನು ಬಿಟ್ಟು ಕದಲುವುದಿಲ್ಲ. ನಾಲ್ಕು ಅಂಕೆಗಳೂ ಒಂದೇ ಆಗಿರದ ಯಾವ ಸಂಖ್ಯೆಯೇ ಆಗಲಿ, ಏಳು ಹೆಜ್ಜೆಗಳೊಳಗಾಗಿ ಇಲ್ಲಿಗೇ ಬಂದು ಸೇರುತ್ತದೆ. ಇದನ್ನು ಕಂಡುಹಿಡಿದವರು ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ದ. ರಾ. ಕಾಪ್ರೇಕರ್ (1905–1986). ದೇಶದ ಗಣಿತಜ್ಞರಲ್ಲಿ ಅನೇಕರು ಅವರನ್ನು ಲಘುವಾಗಿ ಕಂಡರು. 1975ರಲ್ಲಿ ಅವರ ಕೆಲಸವನ್ನು ಜಗತ್ತಿನ ಓದುಗರ ಮುಂದೆ ಇಟ್ಟವನು ಅದೇ ಗಾರ್ಡ್ನರ್. ತನ್ನ ಅಂಗಳದ ಮಲ್ಲಿಗೆಯ ಕಂಪನ್ನು ದೂರದವರು ಬಂದು ಹೇಳಬೇಕಾಯಿತು.

ಈ ಲೆಕ್ಕವನ್ನು ಮಾಡಿದ ಮಗುವು ಸುಮ್ಮನೆ ಬಿಡುವುದಿಲ್ಲ; ಏಕೆ ಎಂದು ಕೇಳುತ್ತದೆ. ಬಂದ ಶೇಷಗಳೆಲ್ಲವೂ 9ರಿಂದ ಭಾಗವಾಗುವುದನ್ನು ಗಮನಿಸುತ್ತದೆ. 1000, 100, 10, 1 ಯಾವುದನ್ನು 9ರಿಂದ ಭಾಗಿಸಿದರೂ 1 ಉಳಿಯುವುದರಿಂದ, ಅಂಕೆಗಳನ್ನು ಹೇಗೆ ಜೋಡಿಸಿದರೂ ಉಳಿಕೆಯು ಬದಲಾಗುವುದಿಲ್ಲ. ಆದುದರಿಂದ ಕಳೆದಾಗ ಆ ಉಳಿಕೆಯು ಅಳಿಸಿಹೋಗುತ್ತದೆ. ಇಷ್ಟು ತಿಳಿದ ಮಗುವು ಕಂಠಪಾಠವನ್ನು ದಾಟಿ ಪ್ರಮಾಣದ ಹೊಸ್ತಿಲಿನ ಮೇಲೆ ನಿಂತಿದೆ. ಯಾವ ಪರೀಕ್ಷೆಗೆ ಇದು ನಷ್ಟ?

ಕೌಶಲವನ್ನು ದೂರದಿಂದ ನೋಡಿ ಚಪ್ಪಾಳೆ ತಟ್ಟುವುದಕ್ಕೆ ಮಾತ್ರ ಕನ್ನಡನಾಡಿನವರು ಎಂದೂ ಹಿಂಜರಿದಿಲ್ಲ. ಬೆಂಗಳೂರಿನ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ 13 ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಹೇಳಿದರೆಂಬುದು ಮನೆಮಾತಾಗಿದೆ. ಅವರೇ ಒಗಟಿನ ಪುಸ್ತಕಗಳನ್ನು ಬರೆದು ಉತ್ತರಗಳನ್ನೂ ಬಿಡಿಸಿ ಕೊಟ್ಟರೆಂಬುದನ್ನು ನೆನೆಯುವವರು ಎಷ್ಟು ಮಂದಿ? ಜನರು ಬೆರಗನ್ನು ಉಳಿಸಿಕೊಂಡರು, ಪುಸ್ತಕವನ್ನು ಮರೆತರು. ಬೆರಗು ಒಂದು ಕ್ಷಣದ್ದು. ಬಿಡಿಸುವ ದಾರಿಯು ಜೀವಮಾನದ್ದು.

ಈ ವ್ಯತ್ಯಾಸವನ್ನು ಮರೆತ ಸಮಾಜಕ್ಕೆ ಗಂಡಾಂತರವಿದೆ. ಇಂತಹ ಕೂಟಗಳಲ್ಲಿ ಗಣಿತಜ್ಞನ ಪಕ್ಕದಲ್ಲಿ ಇಂದ್ರಜಾಲಿಗನಿಗೂ ಮಣೆ ಹಾಕುವುದರ ಮರ್ಮವು ಇಲ್ಲಿದೆ. ಇಂದ್ರಜಾಲಿಗನು ‘ಇದು ಕೈಚಳಕ’ ಎಂದು ಒಪ್ಪಿಕೊಂಡು ಮೋಸಗೊಳಿಸುವ ಪ್ರಾಮಾಣಿಕ. ಅದೇ ಕೈಚಳಕವನ್ನು ಪವಾಡವೆಂದು ಮಾರುವವನು ಬೇರೆ ಜಾತಿಯವನು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದಾಗ ಎದ್ದ ಕೋಲಾಹಲವು, ಪದವೀಧರರಲ್ಲಿಯೂ ಪರೀಕ್ಷೆಗೆ ಅಂಜುವವರು ಎಷ್ಟಿರುವರೆಂಬುದನ್ನು ತೋರಿಸಿತು. ಗಾರ್ಡ್ನರನೂ ಹುಸಿವಿಜ್ಞಾನದ ಮೇಲೆ ಜೀವಮಾನವೆಲ್ಲ ಲೇಖನಿಯೆತ್ತಿದವನು. ಬಾಲ್ಯದಲ್ಲಿ ಎಲೆಯಾಟದ ಒಂದು ಗುಟ್ಟನ್ನು ತಾನೇ ಬಿಡಿಸಿದವನು, ದೊಡ್ಡವನಾದ ಮೇಲೆ ಬೂದಿ ಉದುರಿಸುವ ಕೈಗೆ ಅಷ್ಟು ಬೇಗ ತಲೆಬಾಗುವುದಿಲ್ಲ. ಲೆಕ್ಕದ ಹಬ್ಬದಲ್ಲಿ ಪಣಕ್ಕೆ ಬಿದ್ದಿರುವುದು ಇದು.

ಕಾಣಿಕೆಗಳಿಗೇನೂ ಬರಗಾಲವಿಲ್ಲ. ಅಟ್ಟದ ಮೇಲಿನ ಅಳಗುಳಿಮಣೆಯು ಎಣಿಕೆಯ ಶಾಸ್ತ್ರ. ದೇವಾಲಯಗಳ ಜಗಲಿಯ ಕಲ್ಲುಗಳಲ್ಲಿ ಗೆರೆ ಕೊರೆದ ಹುಲಿಕುರಿಯಾಟವು ವ್ಯೂಹದ ಶಾಸ್ತ್ರ. ಮನೆಯಾಕೆಯು ಬೆಳಗ್ಗೆ ಚುಕ್ಕಿಗಳನ್ನಿಟ್ಟು, ಹೊರಟ ಜಾಗಕ್ಕೇ ಬಂದು ಸೇರುವಂತೆ ಬಳಸುವ ಎಳೆಯ ರಂಗೋಲಿಯಲ್ಲಿ, ಎಷ್ಟು ಚುಕ್ಕಿಗಳಿಗೆ ಒಂದೇ ಎಳೆ ಸಾಕು, ಎಷ್ಟಕ್ಕೆ ಎರಡು ಬೇಕು ಎಂಬ ಪ್ರಶ್ನೆಯು ಆಚಾರ್ಯರನ್ನೂ ತಡವರಿಸುವಂತಹುದು. ಓದುಬರಹವಿಲ್ಲದ ಅಜ್ಜಿಯೂ ಇಂತಹ ಸಭೆಯಲ್ಲಿ ಅತಿಥಿಯಾಗದೆ ಉಪಾಧ್ಯಾಯಿನಿಯೇ ಆಗಬಲ್ಲಳು.

ಗಾರ್ಡ್ನರನ ಜನ್ಮದಿನವಾದ ಅಕ್ಟೋಬರ್ 21ರ ಆಸುಪಾಸಿನಲ್ಲಿ ಈಗ ಹಲವು ದೇಶಗಳಲ್ಲಿ ಸಣ್ಣ ಸಣ್ಣ ಕೂಟಗಳು ನಡೆಯುತ್ತವೆ. ಅದು ದಸರೆಗೆ ನೆರೆಯ ಕಾಲವೇ ಆಗಿದೆ. ಜಂಬೂಸವಾರಿಯ ಹಿಂದಿನ ದಿನ ಕಿರಂಗೂರಿನ ಬನ್ನಿಮಂಟಪದ ಬಳಿ ಒಂದು ಚಪ್ಪರವನ್ನು ಹಾಕಿ ನಾಲ್ಕು ಕಟ್ಟಳೆಗಳನ್ನು ಮಾಡಿದರೆ ಸಾಕು. ಬಹುಮಾನವಿರಕೂಡದು; ಬಹುಮಾನ ಬಂದಲ್ಲಿ ಸೋತವರು ಮರುವರ್ಷ ಬರುವುದಿಲ್ಲ. ಭಾಷಣವಿರಕೂಡದು. ಬರುವವರು ಒಂದು ಸಮಸ್ಯೆಯನ್ನಾಗಲಿ ಒಂದು ಆಟವನ್ನಾಗಲಿ ಕೈಯಲ್ಲಿ ಹಿಡಿದೇ ಬರತಕ್ಕದ್ದು. ಸಂಜೆಯೊಳಗೆ ಅದರ ಗುಟ್ಟನ್ನು, ಕೇಳಿದ ಮಗುವಿಗೆ ತಿಳಿಯುವಂತೆ ಬಿಡಿಸಿ ಹೇಳತಕ್ಕದ್ದು. ಇದಕ್ಕೆ ತಗಲುವ ವೆಚ್ಚವು ನಾಲ್ಕು ಗಳು, ಒಂದಿಷ್ಟು ಸೋಗೆ, ಎರಡು ಜಮಖಾನೆ.

ಪಾಂಡವರು ಅಜ್ಞಾತವಾಸದಲ್ಲಿ ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಬಚ್ಚಿಟ್ಟು, ಕಾಲ ಬಂದಾಗ ಇಳಿಸಿಕೊಂಡರೆಂದು ಭಾರತದ ಕಥೆ. ಮಹಾವೀರನ ಹಾರವೂ ಮುಮ್ಮಡಿಯವರ ಕುದುರೆಯೂ ಬಚ್ಚಿಟ್ಟಲ್ಲಿಯೇ ಇವೆ. ಇಳಿಸಿಕೊಂಡು ಮಸೆಯುವವರಿಲ್ಲದಿದ್ದರೆ, ವರ್ಷವರ್ಷವೂ ಮರಕ್ಕೆ ಪ್ರದಕ್ಷಿಣೆ ಬಂದುದಷ್ಟೇ ಫಲ.