ಒಂದು ಓರೆಗೆರೆಗೆ ಹತ್ತು ನಿಮಿಷ ಕೊಡಿ

ಪೈಥಾನ್‌ನಲ್ಲಿ ಫೈಲ್ ತೆರೆಯುವ ಪಾಠ ಬಂದಾಗ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಹೇಳಿಕೊಡುವುದು ಇಷ್ಟೇ: ‘ಬ್ಯಾಕ್‌ಸ್ಲ್ಯಾಶ್ ಎರಡು ಸಲ ಹಾಕು, ಇಲ್ಲವೇ ಫೈಲನ್ನು ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಇಡು.’ ಪ್ರಾಕ್ಟಿಕಲ್ ಪರೀಕ್ಷೆಗೆ ಇದು ಸಾಕು. ಕಾಮರ್ಸ್ ಓದುವ ನಮಗೆ ಸಾಲದು ಎಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಕೆಲವರಾದರೂ ನಾಳೆ ರಾಣೆಬೆನ್ನೂರಿನ ಬೀಜದ ಅಂಗಡಿಯಲ್ಲೋ ಬ್ಯಾಡಗಿಯ ಮೆಣಸಿನಕಾಯಿ ದಲಾಲರಲ್ಲೋ ಲೆಕ್ಕ ಬರೆಯುವವರು. ಲೆಕ್ಕದ ಫೈಲಿಗೆ ವರ್ಷದ ಹೆಸರಿಡುವುದು ಸಹಜ. "ಸೇಲ್ಸ್\2024" ಎಂದು ಸಾದಾ ಕೋಟ್‌ನೊಳಗೆ ಬರೆದರೆ ಪೈಥಾನ್ ಏನು ಓದುತ್ತದೆ ಗೊತ್ತೇ? ಬ್ಯಾಕ್‌ಸ್ಲ್ಯಾಶ್ ಮತ್ತು ಅದರ ಮುಂದಿನ 202 ಸೇರಿ ಒಂದೇ ಅಕ್ಷರ. ಆಕ್ಟಲ್‌ನ 202 ಅಂದರೆ ನಮ್ಮ 130; ಆ ಸಂಖ್ಯೆಯ, ಕಣ್ಣಿಗೆ ಕಾಣದ ಅಕ್ಷರ ಅಲ್ಲಿ ಬಂದು ಕೂರುತ್ತದೆ. ಉಳಿಯುವುದು 4 ಮಾತ್ರ. ಓದಲು ತೆರೆದರೆ ‘ಫೈಲ್ ಇಲ್ಲ’ ಎನ್ನುತ್ತದೆ, ಅದಾದರೂ ವಾಸಿ. ಬರೆಯಲು ತೆರೆದರೆ ಯಾವ ಎರರ್ ಕೂಡ ಬರುವುದಿಲ್ಲ. ವಿಚಿತ್ರ ಹೆಸರಿನ ಹೊಸ ಫೈಲೊಂದು ಹುಟ್ಟಿ, ದಿನದ ವ್ಯಾಪಾರವೆಲ್ಲ ಅದರೊಳಗೆ ಹೋಗುತ್ತದೆ. ಸೇಲ್ಸ್ ಫೋಲ್ಡರ್ ಇದ್ದ ಹಾಗೇ ಇರುತ್ತದೆ.

ನಮ್ಮ ದೇವರಗುಡ್ಡದ ಕಾರ್ಣಿಕದ ಒಂದೇ ಸಾಲಿಗೆ ರೈತರು ಒಂದು ಅರ್ಥ ಹೇಳಿದರೆ ವ್ಯಾಪಾರಿಗಳು ಇನ್ನೊಂದು ಹೇಳುತ್ತಾರೆ. ಪೈಥಾನ್‌ಗೆ ಆ ಚರ್ಚೆ ಇಲ್ಲ. ಬ್ಯಾಕ್‌ಸ್ಲ್ಯಾಶ್ ಪಕ್ಕ ಸಣ್ಣ ಎನ್ ಬಂದರೆ ಹೊಸ ಸಾಲು, ಸಣ್ಣ ಟಿ ಬಂದರೆ ಟ್ಯಾಬ್, ಮುಗಿಯಿತು. ಈ ಪದ್ಧತಿ ಅದಕ್ಕೆ ಸಿ ಭಾಷೆಯಿಂದ ಬಂದದ್ದು. ಸಿ ಹುಟ್ಟಿದ ಯುನಿಕ್ಸ್‌ನಲ್ಲಿ ಫೋಲ್ಡರ್ ಬೇರ್ಪಡಿಸಲು / ಇತ್ತು, ಹಾಗಾಗಿ ತೊಂದರೆ ಇರಲಿಲ್ಲ. 1983ರಲ್ಲಿ ಎಂಎಸ್-ಡಾಸ್ 2.0ಗೆ ಫೋಲ್ಡರ್ ವ್ಯವಸ್ಥೆ ಬಂದಾಗ, ಅಲ್ಲಿ / ಆಗಲೇ ಕಮಾಂಡ್‌ಗಳ ಆಯ್ಕೆಗೆ ಬಳಕೆಯಲ್ಲಿತ್ತು. ಅದಕ್ಕೇ \ ಆರಿಸಿದರು. ವಿಂಡೋಸ್ ಅದನ್ನೇ ಮುಂದುವರಿಸಿತು.

ಆದರೆ ವಿಂಡೋಸ್‌ನಲ್ಲೂ ಪೈಥಾನ್ ಫೈಲ್ ತೆರೆಯುವಾಗ / ನಡೆಯುತ್ತದೆ. ಮೊದಲು ಕಲಿಸಬೇಕಾದದ್ದು ಅದನ್ನೇ. (ಮನೆಯಲ್ಲಿ ಉರ್ದುವನ್ನು ಬಲದಿಂದ ಎಡಕ್ಕೆ ಓದುವ ನನಗೆ ಯಾವ ಗೆರೆ ಹಿಂದೆ, ಯಾವುದು ಮುಂದೆ ಎಂದು ಕೇಳಬೇಡಿ, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವುದೇ ಇದು.) ಕೋಟ್‌ಗೆ ಮೊದಲು ಆರ್ ಹಾಕುವ ದಾರಿಯೂ ಇದೆ, ಆದರೆ ಪಾತ್‌ನ ಕೊನೆಯಲ್ಲಿ ಒಂಟಿ ಬ್ಯಾಕ್‌ಸ್ಲ್ಯಾಶ್ ಇದ್ದರೆ ಅದೂ ಕೈಕೊಡುತ್ತದೆ.

ಉಪನ್ಯಾಸಕರಲ್ಲಿ ನನ್ನ ಕೋರಿಕೆ ಸಣ್ಣದು. ಫೈಲ್ ತೆರೆಯುವ ಮುನ್ನ ಆ ಪಾತನ್ನು ಒಮ್ಮೆ ಪ್ರಿಂಟ್ ಮಾಡಿಸಿ. 2024 ಎಲ್ಲಿ ಹೋಯಿತು ಎಂದು ವಿದ್ಯಾರ್ಥಿಗಳೇ ಕೇಳುತ್ತಾರೆ.