ಒಂದು ಕಾರು, ಎರಡು ಅಂಗಿ

1954ರ ಜುಲೈ 4. ಫ್ರಾನ್ಸಿನ ರೀಮ್ಸ್ ನಗರದ ಬಳಿ ಗ್ರ್ಯಾನ್ ಪ್ರೀ ಪಂದ್ಯ. ಇತರ ಕಾರುಗಳ ನಾಲ್ಕು ಚಕ್ರಗಳೂ ಹೊರಗೆ ಕಾಣುವಂತಿದ್ದರೆ, ಜರ್ಮನಿಯ ಮರ್ಸಿಡಿಸ್ ಕಾರುಗಳಿಗೆ ಚಕ್ರಗಳೇ ಇಲ್ಲವೇನೋ ಎಂಬಂತಿತ್ತು. ಮೀನಿನ ಮೈಯಂತೆ ನುಣುಪಾದ ಬೆಳ್ಳಿಬಣ್ಣದ ತಗಡಿನ ಹೊದಿಕೆ ಅವನ್ನು ನುಂಗಿಬಿಟ್ಟಿತ್ತು. ಅರ್ಜೆಂಟೀನದ ಹ್ವಾನ್ ಮಾನ್ವೆಲ್ ಫಾಂಜಿಯೊ ಗೆದ್ದನು; ಅವನ ಜೊತೆಗಾರ ಕಾರ್ಲ್ ಕ್ಲಿಂಗ್ ಕೂದಲೆಳೆಯಷ್ಟು ಅಂತರದಲ್ಲಿ ಎರಡನೆಯವನಾದನು.

ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಈ ಹೊದಿಕೆಯ ಉಪಯೋಗವನ್ನು ವಿವರಿಸಬೇಕಾಗಿಲ್ಲ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಆ ತಡೆಯನ್ನು ಭೇದಿಸಿ ಅದೇ ವೇಗದಲ್ಲಿ ಸಾಗಲು ಬೇಕಾದ ಶಕ್ತಿಯಾದರೋ ಎಂಟು ಮಡಿ! ರೀಮ್ಸಿನಲ್ಲಿದ್ದುದು ಉದ್ದುದ್ದನೆಯ ನೇರ ರಸ್ತೆಗಳು. ಅಲ್ಲಿ ಗಾಳಿಯನ್ನು ಜಾಣತನದಿಂದ ಸೀಳಿದವನಿಗೇ ಜಯ.

ಗೇರಿನ ಪಾತ್ರವೂ ಇಲ್ಲಿಯೇ ಬರುತ್ತದೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಅದು ಎಂಜಿನ್ನಿಗೂ ಚಕ್ರಕ್ಕೂ ನಡುವಿನ ದಲ್ಲಾಳಿ, ಅಷ್ಟೆ. ಎಂಜಿನ್ನು ತನ್ನ ಪೂರ್ಣಶಕ್ತಿಯನ್ನು ಕೊಡುವುದು ಮಿನಿಟಿಗೆ ಇಂತಿಷ್ಟು ಸುತ್ತು ತಿರುಗುವಾಗ ಮಾತ್ರ. ಕೊನೆಯ ಗೇರು ಒಂದೊಂದು ಸುತ್ತಿಗೂ ಚಕ್ರವನ್ನು ಅತಿ ದೂರ ಉರುಳಿಸುವಂಥದಾದರೆ, ಎಂಜಿನ್ನು ಆ ಸುತ್ತನ್ನು ಮುಟ್ಟುವ ಮೊದಲೇ ಗಾಳಿ ಅದನ್ನು ತಡೆದು ನಿಲ್ಲಿಸುತ್ತದೆ. ತೀರ ಕಡಿಮೆ ದೂರ ಉರುಳಿಸುವಂಥದಾದರೆ, ಗಾಳಿ ಇನ್ನೂ ದಾರಿ ಬಿಡುತ್ತಿರುವಾಗಲೇ ಎಂಜಿನ್ನು ತನ್ನ ಮಿತಿಯನ್ನು ಮುಟ್ಟಿ ಒದ್ದಾಡುತ್ತದೆ. ಆದ್ದರಿಂದ ಕಾರಿನ ಅಂಗಿ ಬದಲಾದರೆ ಗೇರಿನ ಲೆಕ್ಕವನ್ನೂ ಹೊಸದಾಗಿ ಹಾಕಬೇಕು.

ಎರಡು ವಾರ ತುಂಬುವುದರೊಳಗೆ, ಜುಲೈ 17ರಂದು, ಅದೇ ಕಾರು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿಗೆ ಬಂದಿತು. ಮಹಾಯುದ್ಧದ ಕಾಲದ ವಿಮಾನನೆಲೆಯದು. ತಿರುವುಗಳ ಅಂಚನ್ನು ತೋರಿಸಲು ಎಣ್ಣೆಯ ಪೀಪಾಯಿಗಳನ್ನು ನಿಲ್ಲಿಸಿದ್ದರು. ಪಂದ್ಯದ ಮುನ್ನಿನ ಪರೀಕ್ಷೆಯಲ್ಲಿ ಫಾಂಜಿಯೊನೇ ಎಲ್ಲರಿಗಿಂತ ಮುಂದು. ಆದರೆ ಪಂದ್ಯದಲ್ಲಿ, ತಿರುವು ತಿರುವಿಗೂ ಅಂಚನ್ನು ಸವರಿಕೊಂಡು ಹೋಗಬೇಕಾದ ಚಾಲಕನಿಗೆ ತನ್ನ ಮುಂಚಕ್ರಗಳೇ ಕಾಣದು! ಕಾರು ಪೀಪಾಯಿಗಳಿಗೆ ಬಡಿಯಿತು. ಬೆಳ್ಳಿಯ ಮೂಗು ನುಗ್ಗುನುಜ್ಜಾಗಿ ಫಾಂಜಿಯೊ ನಾಲ್ಕನೆಯವನಾಗಿ ಬಂದನು. ಸೋಲಿಗೆ ಹೊದಿಕೆಯೊಂದೇ ಕಾರಣವೆನ್ನಲಾಗದು. ಅಂದು ಮಳೆಯೂ ಇತ್ತು. ಗೆದ್ದವನು ಅವನ ನಾಡಿನವನೇ ಆದ, ಫೆರಾರಿಯ ಗೊನ್ಸಾಲೆಸ್.

ಜರ್ಮನರು ಹಟ ಹಿಡಿಯಲಿಲ್ಲ. ಆಗಸ್ಟ್ 1ರಂದು, ತಿರುವುಗಳಿಗೇ ಹೆಸರಾದ ನ್ಯೂರ್ಬುರ್ಗ್‌ರಿಂಗಿನಲ್ಲಿ, ಫಾಂಜಿಯೊನ ಕಾರು ಹೊದಿಕೆ ಕಳಚಿ ಚಕ್ರ ತೋರಿಸಿಕೊಂಡು ನಿಂತಿತು. ಗಾಳಿಯ ತಡೆ ಹೆಚ್ಚಿತು, ಆದರೂ ಅವನೇ ಗೆದ್ದನು. ಸೆಪ್ಟೆಂಬರಿನಲ್ಲಿ ಇಟಲಿಯ ಮೊನ್ಜಾಕ್ಕೆ ಹೋದಾಗ ಮತ್ತೆ ಹಳೆಯ ಅಂಗಿ, ಮತ್ತೆ ಜಯ. ಆ ವರ್ಷದ ವಿಶ್ವವಿಜೇತನೂ ಅವನೇ.

ಅಂಗಿಯ ಕೆಲಸವನ್ನು ಅನಂತರ ರೆಕ್ಕೆಗಳು ವಹಿಸಿಕೊಂಡವು. 1968ರಿಂದೀಚೆಗೆ ಗ್ರ್ಯಾನ್ ಪ್ರೀ ಕಾರುಗಳು ಧರಿಸಿದ ಈ ರೆಕ್ಕೆ ವಿಮಾನದ ರೆಕ್ಕೆಯಂತಲ್ಲ, ಅದಕ್ಕೆ ತಲೆಕೆಳಗು: ಕಾರನ್ನು ಎತ್ತದೆ ನೆಲಕ್ಕೆ ಒತ್ತುತ್ತದೆ. ತಿರುವಿನಲ್ಲಿ ಅದು ಕೊಟ್ಟ ಹಿಡಿತಕ್ಕೆ ನೇರ ದಾರಿಯಲ್ಲಿ ಸುಂಕ ತೆರಬೇಕು. ಮೊನ್ಜಾದಲ್ಲಿ ತೆಳ್ಳನೆಯ ರೆಕ್ಕೆ, ಮೊನಾಕೊದ ಗಲ್ಲಿಗಳಲ್ಲಿ ದೊಡ್ಡ ರೆಕ್ಕೆ. ಗೇರಿಗೆ ಮಾತ್ರ ಈ ಸ್ವಾತಂತ್ರ್ಯ ಉಳಿಯಲಿಲ್ಲ. 2014ರಲ್ಲಿ ಬಂದ ನಿಯಮದಂತೆ ಎಂಟು ಗೇರುಗಳ ಅಳತೆಯನ್ನು ಋತುವಿಗೆ ಮೊದಲೇ ಗೊತ್ತುಪಡಿಸಬೇಕಾಯಿತು. ಮೊನ್ಜಾಕ್ಕೂ ಮೊನಾಕೊಗೂ ಅವೇ ಗೇರುಗಳು.